ತಂಬಾಕಿಗಾಗಿ ನಡೆಯುವ ಅಂಗಡಿ ಸುಲಿಗೆ ತಡೆಯುವುದು ಹೇಗೆ: ಸಣ್ಣ ಅಂಗಡಿಗಳಿಗೆ ಸಮಗ್ರ ಮಾರ್ಗದರ್ಶಿ

ತಡರಾತ್ರಿವರೆಗೆ ತೆರೆದಿರುವ ಸಣ್ಣ ಅಂಗಡಿಗೆ ನುಗ್ಗುವವರು ಮೊದಲೆಲ್ಲ ಗಲ್ಲಾದ ಹಣಕ್ಕೆ ಕೈ ಹಾಕುತ್ತಿದ್ದರು. ಈಗ ಅನೇಕ ಕಡೆ ಅವರ ಕಣ್ಣು ಹೋಗುವುದು ಕೌಂಟರಿನ ಹಿಂದಿನ ಸಿಗರೇಟು ಕಪಾಟಿಗೆ. ಗಿರಾಕಿಗಳು ಕಾರ್ಡಿನಲ್ಲೋ ಫೋನಿನಲ್ಲೋ ಹಣ ಕೊಡುವುದರಿಂದ ಗಲ್ಲಾದಲ್ಲಿ ನೋಟು ಕಡಿಮೆಯಾಗಿದೆ. ಅದೇ ಹೊತ್ತಿಗೆ ತಂಬಾಕಿನ ಮೇಲಿನ ತೆರಿಗೆ ಏರುತ್ತ ಹೋಗಿ, ಅಂಗೈಯಗಲದ ಪ್ಯಾಕು ಅಂಗಡಿಯ ಅತಿ ಬೆಲೆಬಾಳುವ ಸರಕುಗಳಲ್ಲಿ ಒಂದಾಗಿದೆ. ನ್ಯೂಜಿಲೆಂಡಿನಲ್ಲಿ ತಂಬಾಕು ಸುಂಕ ವರ್ಷವರ್ಷವೂ ಏರುತ್ತ ಹೋದ ಕಾಲದಲ್ಲಿ ಸಣ್ಣ ಅಂಗಡಿಗಳ ಸುಲಿಗೆ ದೊಡ್ಡ ಸಾರ್ವಜನಿಕ ಸಮಸ್ಯೆಯಾಯಿತು. ಅಂಗಡಿಗಳಲ್ಲಿ ಮಂಜು ಯಂತ್ರ (ದಟ್ಟ ಮಂಜು ಊದಿ ಕಳ್ಳನಿಗೆ ಏನೂ ಕಾಣದಂತೆ ಮಾಡುವ ಸಾಧನ) ಕೂರಿಸಲು ಅಲ್ಲಿನ ಸರ್ಕಾರವೇ ನೆರವು ಕೊಡಬೇಕಾಯಿತು.

ಯಾವ ವಸ್ತುಗಳು ಹೆಚ್ಚು ಕಳುವಾಗುತ್ತವೆ ಎಂಬುದನ್ನು ಅಪರಾಧಶಾಸ್ತ್ರಜ್ಞ ರೊನಾಲ್ಡ್ ಕ್ಲಾರ್ಕ್ 1999ರಲ್ಲಿ ಆರು ಗುಣಗಳಲ್ಲಿ ಹೇಳಿದರು: ಬಚ್ಚಿಡಲು ಸುಲಭ, ಹೊತ್ತೊಯ್ಯಲು ಸುಲಭ, ಕಣ್ಣೆದುರಿಗೇ ಸಿಗುತ್ತದೆ, ಬೆಲೆ ಇದೆ, ಬೇಕೆನಿಸುತ್ತದೆ, ಮಾರಲು ಸುಲಭ. ಸಿಗರೇಟಿಗೆ ಆರೂ ಒಪ್ಪುತ್ತವೆ. ಇಪ್ಪತ್ತು ಸಿಗರೇಟಿನ ಪ್ಯಾಕಿನ ತೂಕ ಹೆಚ್ಚೆಂದರೆ 25 ಗ್ರಾಂ. ನಾನೂರು ಪ್ಯಾಕು, ಅಂದರೆ ನಲವತ್ತು ಕಾರ್ಟನ್, ಎಲ್ಲ ಸೇರಿ 10 ಕಿಲೋ ದಾಟುವುದಿಲ್ಲ. ಒಂದು ದೊಡ್ಡ ಚೀಲ ಸಾಕು.

ಮುಂದೆ ಬರುವ ಎಲ್ಲ ಹಂತಗಳೂ ನಿಂತಿರುವುದು ಈ ಲೆಕ್ಕದ ಮೇಲೆ. ನುಗ್ಗುವವನು ಒಳಗೆ ಇರಲು ಬಯಸುವುದು ಒಂದು, ಒಂದೂವರೆ ನಿಮಿಷ. ಅಷ್ಟರಲ್ಲಿ ಎಷ್ಟು ಪ್ಯಾಕು ಚೀಲಕ್ಕೆ ಬೀಳುತ್ತದೆ ಎಂಬುದನ್ನು ನೀವು ತೀರ್ಮಾನಿಸಬಹುದು. ಅವನ ಸ್ವಭಾವವನ್ನು ನೀವು ಬದಲಿಸಲಾರಿರಿ. ಚೀಲಕ್ಕೆ ಬೀಳುವ ಮಾಲನ್ನು ಮಾತ್ರ ಖಂಡಿತ ಬದಲಿಸಬಹುದು.

ಮೊದಲು ಎರಡು ಬಗೆಯ ಕಳ್ಳತನವನ್ನು ಬೇರ್ಪಡಿಸಿಕೊಳ್ಳಿ

ಅಂಗಡಿ ತೆರೆದಿದ್ದಾಗ, ಕೆಲಸದವರು ಎದುರಿಗಿದ್ದಾಗ, ಹೆದರಿಸಿ ದೋಚುವುದು ಸುಲಿಗೆ. ಬೀಗ ಹಾಕಿದ ಮೇಲೆ ಗಾಜು ಒಡೆದು, ಶಟರ್ ಎತ್ತಿ, ವಾಹನ ಗುದ್ದಿಸಿ ನುಗ್ಗುವುದು ಕನ್ನಗಳವು. ಎರಡಕ್ಕೂ ಮಾಲು ಅದೇ ಆದರೂ ಮದ್ದು ಬೇರೆ. ಕನ್ನಗಳವಿನಲ್ಲಿ ಗಟ್ಟಿ ಬಾಗಿಲು, ಜೋರು ಸೈರನ್, ಮಂಜು ಕೆಲಸ ಮಾಡುತ್ತವೆ. ಒಳಗೆ ಮನುಷ್ಯನಿರುವಾಗ ಅದೇ ಜೋರು ಸೈರನ್ ಕಳ್ಳನನ್ನು ಗಾಬರಿಗೊಳಿಸಿ ಹೊಡೆದಾಟಕ್ಕೆ ತಿರುಗಿಸಬಹುದು. ಉಪಕರಣ ಕೊಳ್ಳುವ ಮುನ್ನ ಇದು ಯಾವ ಹೊತ್ತಿಗೆ, ಯಾರು ಒಳಗಿರುವಾಗ ಕೆಲಸ ಮಾಡಬೇಕು ಎಂದು ಕೇಳಿಕೊಳ್ಳಿ. ಈ ಪ್ರಶ್ನೆ ಕೇಳದೆ ಕೊಂಡ ಸಾಮಾನೇ ಗೋಡೆಯ ಮೇಲೆ ಸುಮ್ಮನೆ ಉಳಿಯುವುದು.

ಹಂತ 1: ಅಂಗಡಿಯನ್ನು ಹೊರಗಿನಿಂದ ನೋಡಿ

ರಾತ್ರಿ ಹತ್ತರ ನಂತರ ರಸ್ತೆಯ ಆಚೆ ಬದಿ ಹತ್ತು ನಿಮಿಷ ನಿಲ್ಲಿ. ಕೌಂಟರಿನಲ್ಲಿ ನಿಂತವರು ಕಾಣುತ್ತಾರೆಯೇ? ಗಾಜಿನ ತುಂಬ ಜಾಹೀರಾತು ಅಂಟಿಸಿದ್ದರೆ ಕಾಣುವುದಿಲ್ಲ. ನಿಮಗೆ ಕಾಣದಿದ್ದರೆ ದಾರಿಹೋಕರಿಗೂ ಗಸ್ತಿನ ಪೊಲೀಸರಿಗೂ ಕಾಣುವುದಿಲ್ಲ. ದೋಚಲು ಬಂದವನಿಗೆ ಬೇಕಾದದ್ದೂ ಅದೇ.

ಆಮೇಲೆ ಬಾಗಿಲಿನಿಂದ ಸಿಗರೇಟು ಕಪಾಟಿನವರೆಗೆ ಸಾಮಾನ್ಯ ನಡಿಗೆಯಲ್ಲಿ ಹೋಗಿ. ಕೌಂಟರಿನ ಪಕ್ಕದ ಸಂದಿಯಲ್ಲಿ ನುಸುಳಿ ಕಪಾಟು ಮುಟ್ಟಿ, ವಾಪಸು ಬಾಗಿಲಿಗೆ ಬನ್ನಿ. ಎಷ್ಟು ಸೆಕೆಂಡು ಹಿಡಿಯಿತೆಂದು ಬರೆದುಕೊಳ್ಳಿ. ಇಪ್ಪತ್ತಕ್ಕಿಂತ ಕಡಿಮೆ ಬಂದರೆ, ಉಳಿದ ಅಷ್ಟೂ ಸಮಯ ಚೀಲ ತುಂಬಲು ಸಿಗುತ್ತದೆ ಎಂದರ್ಥ. ಕೌಂಟರಿನ ಬದಿಯಲ್ಲಿ ಬಾಗಿಲೇ ಇಲ್ಲದ ಅಂಗಡಿಗಳು ಅದೆಷ್ಟೋ ಇವೆ. ಸೊಂಟದೆತ್ತರದ ಒಂದು ಗಟ್ಟಿ ಗೇಟು, ಒಳಗಡೆ ಮಾತ್ರ ಸಿಗುವ ಚಿಲಕ: ಇಷ್ಟಕ್ಕೇ ಹತ್ತು ಸೆಕೆಂಡು ಗಳಿಕೆ.

ಹಂತ 2: ಕೈಗೆಟುಕುವ ದಾಸ್ತಾನು ಇಳಿಸಿ

ಈ ಮಾರ್ಗದರ್ಶಿಯಲ್ಲಿ ಒಂದನ್ನೇ ಮಾಡಲು ಸಮಯವಿದೆ ಎನ್ನುವವರು ಇದನ್ನು ಮಾಡಿ. ಹೊಸ ಉಪಕರಣ ಬೇಡ, ಕಾಗದ ಪೆನ್ನು ಸಾಕು.

ಒಂದು ವಾರದ ಬಿಲ್ಲಿನಿಂದ ಬ್ರ್ಯಾಂಡುವಾರು ಮಾರಾಟ ತೆಗೆಯಿರಿ. ದಿನಕ್ಕೆ 16 ಗಂಟೆ ತೆರೆದಿರುವ ಅಂಗಡಿಯೊಂದು 80 ಪ್ಯಾಕು ಮಾರುತ್ತದೆ ಎಂದುಕೊಳ್ಳಿ. ಕಪಾಟಿನಲ್ಲಿ 20 ಬ್ರ್ಯಾಂಡು, ಒಂದೊಂದರ ಸಾಲಿನಲ್ಲೂ 20 ಪ್ಯಾಕು, ಒಟ್ಟು 400. ಐದು ದಿನದ ಮಾರಾಟದ ಮಾಲು ಕಳ್ಳನ ಕೈಯಳತೆಯಲ್ಲಿ ಕೂತಿದೆ. ಕಪಾಟು ತುಂಬಿ ಕಾಣಲಿ ಎಂಬ ವ್ಯಾಪಾರದ ಅಭ್ಯಾಸ ಬಿಟ್ಟರೆ ಇದಕ್ಕೆ ಬೇರೆ ಕಾರಣವಿಲ್ಲ. ಅದರಲ್ಲೂ ತಂಬಾಕಿನ ಬಹಿರಂಗ ಪ್ರದರ್ಶನವನ್ನೇ ನಿಷೇಧಿಸಿದ ದೇಶಗಳಲ್ಲಿ ಮುಚ್ಚಿದ ಬಾಗಿಲ ಹಿಂದೆ ತುಂಬಿದ ಕಪಾಟಿನಿಂದ ಯಾರಿಗೂ ಲಾಭವಿಲ್ಲ. ಐರ್ಲೆಂಡಿನಲ್ಲಿ 2009ರಿಂದ, ಇಂಗ್ಲೆಂಡಿನ ಸಣ್ಣ ಅಂಗಡಿಗಳಲ್ಲಿ 2015ರ ಏಪ್ರಿಲ್‌ನಿಂದ ಈ ನಿಷೇಧವಿದೆ.

ಹೊಸ ಲೆಕ್ಕ ಹೀಗೆ. ಹೆಚ್ಚು ಓಡುವ ಐದು ಬ್ರ್ಯಾಂಡು ದಿನಕ್ಕೆ ಸರಾಸರಿ ಹತ್ತು ಹತ್ತು ಪ್ಯಾಕು ಹೋಗುತ್ತವೆ. ಅವುಗಳದ್ದು ಐದೈದು ಇಡಿ: 25. ಉಳಿದ ಹದಿನೈದು ಬ್ರ್ಯಾಂಡಿನದು ಎರಡೆರಡು: 30. ಒಟ್ಟು 55. ಓಡುವ ಬ್ರ್ಯಾಂಡಿನ ಐದು ಪ್ಯಾಕು ಸರಿಸುಮಾರು ಎಂಟು ಗಂಟೆಗೆ ಸಾಕು, ಆದ್ದರಿಂದ ದಿನಕ್ಕೆ ಎರಡು ಸಲ ತುಂಬಬೇಕು. ರಾತ್ರಿ ಒಂಬತ್ತರ ಪಾಳಿಗೆ ಇನ್ನೂ ಇಳಿಸಿ: ಓಡುವವು ಮೂರು ಮೂರು, ಉಳಿದವು ಒಂದೊಂದು, ಒಟ್ಟು 30. ಅಷ್ಟೂ ಹೋದರೂ ಅರ್ಧ ದಿನದ ಮಾಲು ಸಹ ಹೋದಂತಾಗುವುದಿಲ್ಲ.

ಇಲ್ಲಿ ತಪ್ಪುವುದು ಮರುಪೂರಣದಲ್ಲಿ. ಗಿರಾಕಿ ಕೇಳಿದ ಬ್ರ್ಯಾಂಡು ಮುಗಿದಾಗ ಹುಡುಗ ಹಿಂದಿನ ಕೋಣೆಗೆ ಓಡುತ್ತಾನೆ, ದೊಡ್ಡ ಕಪಾಟು ತೆರೆಯುತ್ತಾನೆ, ಒಂದು ಪ್ಯಾಕಿಗೆ ಬದಲು ಎರಡು ಕಾರ್ಟನ್ ತಂದು ಕೌಂಟರಿನ ಕೆಳಗೆ ಇಟ್ಟುಕೊಳ್ಳುತ್ತಾನೆ. ಪದೇ ಪದೇ ಓಡುವುದು ತಪ್ಪಲಿ ಎಂಬುದು ಅವನ ಲೆಕ್ಕ. ವಾರದೊಳಗೆ ಕೌಂಟರಿನ ಕೆಳಗೆ ಹತ್ತು ಕಾರ್ಟನ್ ಸೇರಿರುತ್ತದೆ, ಕಾಗದದ ಮೇಲೆ ಮಾತ್ರ 55. ಇದಕ್ಕೆ ಎರಡು ದಾರಿ. ಮರುಪೂರಣಕ್ಕೆ ಗೊತ್ತಾದ ಹೊತ್ತು ಇಡಿ, ಆ ಹೊತ್ತಿಗೆ ಇಬ್ಬರಿರಲಿ. ನಡುವೆ ಮುಗಿದರೆ ಗಿರಾಕಿಗೆ ಬೇರೆ ಬ್ರ್ಯಾಂಡು ತೋರಿಸಲು ಕೆಲಸದವರಿಗೆ ಅನುಮತಿ ಇರಲಿ, ಕೈತಪ್ಪಿದ ಆ ಮಾರಾಟಕ್ಕಾಗಿ ಅವರನ್ನು ಗದರಬೇಡಿ. ಮಾಲೀಕ ಗದರಿದ ದಿನವೇ ಈ ಪದ್ಧತಿ ಮುಗಿಯಿತೆಂದು ತಿಳಿಯಿರಿ.

ಹಂತ 3: ಉಳಿದ ಮಾಲಿಗೆ ಸರಿಯಾದ ಕಪಾಟು

ದಾಸ್ತಾನು ಕಪಾಟು ಗಿರಾಕಿಗಳ ಕಣ್ಣಿಗೆ ಬೀಳದ ಹಿಂದಿನ ಕೋಣೆಯಲ್ಲಿರಲಿ. ಹೊರಗೋಡೆಗೆ ತಾಗಿಸಬೇಡಿ, ಗೋಡೆ ಕೊರೆದು ಹಿಂದಿನಿಂದ ತೆರೆಯುವುದುಂಟು. ಉಕ್ಕಿನ ತಗಡು ಎರಡು ಮಿಲಿಮೀಟರಿಗೆ ಕಡಿಮೆಯಿರಬಾರದು, ಕೀಲು ಒಳಗಡೆ ಇರಬೇಕು, ಚಿಲಕ ಮೂರು ಕಡೆ ಕಚ್ಚಬೇಕು. ಕನಿಷ್ಠ ನಾಲ್ಕು ಆಂಕರ್ ಬೋಲ್ಟು ಹಾಕಿ ನೆಲಕ್ಕೂ ಗೋಡೆಗೂ ಬಿಗಿಯಿರಿ. ಕಾಂಕ್ರೀಟು ಅಥವಾ ಗಟ್ಟಿ ಇಟ್ಟಿಗೆಯಾದರೆ ಮಾತ್ರ ಆ ಬಿಗಿತಕ್ಕೆ ಅರ್ಥ. ಜಿಪ್ಸಂ ಹಲಗೆಯ ಗೋಡೆಗೆ ಬಿಗಿದ ಕಪಾಟನ್ನು ಇಬ್ಬರು ಹಾರೆ ಹಾಕಿ ಮೀಟಿದರೆ ಹಲಗೆ ಸಮೇತ ಕಿತ್ತು ಬರುತ್ತದೆ.

ಬೀಗಕ್ಕೆ ಸಮಯ ವಿಳಂಬದ ವ್ಯವಸ್ಥೆ ಇದ್ದರೆ ಉತ್ತಮ. ಸಂಖ್ಯೆ ಒತ್ತಿದ ಮೇಲೆ ಹತ್ತೋ ಹದಿನೈದೋ ನಿಮಿಷ ಕಳೆದ ನಂತರವೇ ತೆರೆಯುವ ಬೀಗವದು. ಒಂದು ನಿಮಿಷಕ್ಕಾಗಿ ಬಂದವನು ಹದಿನೈದು ನಿಮಿಷ ಕಾಯುವುದಿಲ್ಲ. ಆದರೆ ಇದು ಕೆಲಸ ಮಾಡುವುದು ಕಳ್ಳನಿಗೆ ಮೊದಲೇ ಗೊತ್ತಿದ್ದರೆ ಮಾತ್ರ. ಗೊತ್ತಿಲ್ಲದವನು ಕೆಲಸದವನು ಸುಳ್ಳು ಹೇಳುತ್ತಿದ್ದಾನೆಂದು ಹೊಡೆಯುತ್ತಾನೆ. ಆದ್ದರಿಂದ ಬಾಗಿಲಲ್ಲೂ ಕೌಂಟರಲ್ಲೂ ಕಪಾಟಿನ ಮೇಲೂ ದೊಡ್ಡ ಅಕ್ಷರದಲ್ಲಿ ಬರೆಸಿ: ‘ತಂಬಾಕು ದಾಸ್ತಾನು ಸಮಯ ಬೀಗದಲ್ಲಿದೆ. ಇಲ್ಲಿರುವ ಯಾರೂ ತಕ್ಷಣ ತೆರೆಯಲಾರರು.’ ಈ ಫಲಕವಿಲ್ಲದೆ ಸಮಯ ಬೀಗ ಹಾಕುವುದು ಕೆಲಸದವರಿಗೆ ಅಪಾಯ ತಂದೊಡ್ಡಿದಂತೆ.

ಸಾಧಾರಣ ಕೀಲಿಯೇ ಇದ್ದರೆ, ಅದು ಪಾಳಿಯ ಮುಖ್ಯಸ್ಥರ ಬಳಿ ಮೈಮೇಲೆ ಇರಲಿ. ಕಪಾಟಿನ ಪಕ್ಕದ ಮೊಳೆಗೆ ನೇತುಹಾಕಿದ ಕೀಲಿ, ಬೀಗದಲ್ಲೇ ಬಿಟ್ಟ ಕೀಲಿ, ಗಲ್ಲಾದ ಚಿಲ್ಲರೆ ಮನೆಯಲ್ಲಿ ಹಾಕಿದ ಕೀಲಿ: ಮೂರೂ ಬೀಗವಿಲ್ಲದ್ದಕ್ಕೆ ಸಮ.

ಹಂತ 4: ಗಲ್ಲಾದ ಹಣ

ತಂಬಾಕಿಗೆ ಬಂದವನು ಗಲ್ಲಾವನ್ನೂ ಬಿಡುವುದಿಲ್ಲ. ಚಿಲ್ಲರೆಗೆ ಬೇಕಾದಷ್ಟು ಮಾತ್ರ ಗಲ್ಲಾದಲ್ಲಿಟ್ಟು, ದೊಡ್ಡ ನೋಟನ್ನು ಬಂದ ಕೂಡಲೇ ಸೀಳುಕಿಂಡಿಯ ತಿಜೋರಿಗೆ ಹಾಕಿ. ಹಾಕಬಹುದು, ತೆಗೆಯಲಾಗದು. ಅದರ ಕೀಲಿ ಅಂಗಡಿಯಲ್ಲಿ ಇರಕೂಡದು. ಅಮೆರಿಕದ ಫ್ಲೋರಿಡಾ ರಾಜ್ಯ ತಡರಾತ್ರಿಯ ಅಂಗಡಿಗಳಿಗಾಗಿ ಮಾಡಿದ ಕಾನೂನು ಇಂಥ ತಿಜೋರಿಯನ್ನು ಕಡ್ಡಾಯಗೊಳಿಸಿ, ಗಲ್ಲಾದಲ್ಲಿ 50 ಡಾಲರಿಗಿಂತ ಹೆಚ್ಚಿಲ್ಲವೆಂದು ಬಾಗಿಲಲ್ಲೇ ಫಲಕ ಹಾಕಲು ಹೇಳುತ್ತದೆ. ಅದೇ ಕಾನೂನು ಗಾಜಿನ ಮೂಲಕ ಕೌಂಟರು ಕಾಣಬೇಕು, ವಾಹನ ನಿಲ್ಲಿಸುವ ಜಾಗದಲ್ಲಿ ಬೆಳಕಿರಬೇಕು, ಕಳ್ಳನ ಎತ್ತರ ಅಂದಾಜಿಸಲು ಬಾಗಿಲ ಚೌಕಟ್ಟಿನಲ್ಲಿ ಅಳತೆಯ ಗುರುತಿರಬೇಕು, ಕ್ಯಾಮೆರಾ ಮತ್ತು ಸದ್ದಿಲ್ಲದ ಅಲಾರಂ ಇರಬೇಕು ಎನ್ನುತ್ತದೆ. ಬೇರೆ ಯಾವ ದೇಶದ ಅಂಗಡಿಗೂ ಇದನ್ನು ತಪಾಸಣಾ ಪಟ್ಟಿಯಾಗಿ ಬಳಸಬಹುದು.

ಹಂತ 5: ಬೆಳಕು, ಗಾಜು, ಕೌಂಟರು

ಗಾಜಿನ ಮೇಲೆ ಸೊಂಟದೆತ್ತರದಿಂದ ತಲೆಯೆತ್ತರದವರೆಗೆ ಏನೂ ಅಂಟಿಸಬೇಡಿ. ಒಳಗಿನ ಸಾಮಾನು ಕಪಾಟಿನ ಸಾಲುಗಳ ಎತ್ತರ ಒಂದೂವರೆ ಮೀಟರ್ ದಾಟದಿರಲಿ. ಹೊರಗಿನ ಬೆಳಕಿಗೆ ಫ್ಲೋರಿಡಾದ ಅಳತೆ ನೆಲದಿಂದ 18 ಅಂಗುಲ ಮೇಲೆ ಎರಡು ಫುಟ್‌ಕ್ಯಾಂಡಲ್, ಅಂದರೆ ಸುಮಾರು 21.5 ಲಕ್ಸ್ (ಎರಡೂ ಬೆಳಕಿನ ಅಳತೆಯ ಮಾನಗಳು). ಫೋನಿನ ಲಕ್ಸ್ ಮಾಪಕದಲ್ಲಿ ಒರಟಾಗಿ ನೋಡಬಹುದು. ಒಂದೇ ಪ್ರಖರ ದೀಪಕ್ಕಿಂತ ಸಾಧಾರಣದವು ನಾಲ್ಕಿದ್ದರೆ ಮೇಲು, ಪ್ರಖರ ದೀಪದ ಪಕ್ಕದಲ್ಲೇ ಗಾಢ ನೆರಳು ಹುಟ್ಟುತ್ತದೆ.

ಕೌಂಟರು ಅಗಲವಾಗಿದ್ದಷ್ಟೂ ಒಳ್ಳೆಯದು. ಆಚೆಯಿಂದ ಕೈಚಾಚಿದರೆ ಒಳಗಿನವರ ಅಂಗಿ ಸಿಗಬಾರದು. ಒಳಗಿನ ನೆಲವನ್ನು ಒಂದು ಗೇಣು ಎತ್ತರಿಸಿದರೆ ಕೆಲಸದವರಿಗೆ ಇಡೀ ಅಂಗಡಿ ಕಾಣುತ್ತದೆ, ಹಾರಿ ಬರುವುದೂ ಕಷ್ಟ. ಎಲ್ಲಕ್ಕಿಂತ ಮುಖ್ಯ, ಕೌಂಟರಿನ ಹಿಂದಿನಿಂದ ಬೇರೊಂದು ಕೋಣೆಗೆ ಹೋಗುವ ದಾರಿ. ಆ ಕೋಣೆಗೆ ಗಟ್ಟಿ ಹಲಗೆಯ ಬಾಗಿಲು, ಒಳಚಿಲಕ, ಒಂದು ಫೋನು. ಕೌಂಟರಿಗೆ ಒಂದೇ ದಾರಿಯಿದ್ದು ಅದರಲ್ಲೇ ಕಳ್ಳ ನಿಂತರೆ ಕೆಲಸದವರು ಸಿಕ್ಕಿಬಿದ್ದಂತೆ. ಗಾಯಗಳಾಗುವುದು ಇಂಥ ಇಕ್ಕಟ್ಟಿನಲ್ಲೇ.

ಹಂತ 6: ಕ್ಯಾಮೆರಾ

ಕ್ಯಾಮೆರಾ ಸುಲಿಗೆಯನ್ನು ತಡೆಯುವುದು ಕಡಿಮೆ, ನಂತರದ ತನಿಖೆಗೆ ನೆರವಾಗುವುದು ಹೆಚ್ಚು. ನೆರವಾಗಬೇಕಾದರೆ ಮುಖ ಕಾಣಬೇಕು. ಚಾವಣಿಯ ಮೂಲೆಯಲ್ಲಿ ಮೂರು ಮೀಟರ್ ಎತ್ತರದಲ್ಲಿ ಕೂತ ಕ್ಯಾಮೆರಾ ದಾಖಲಿಸುವುದು ಟೋಪಿಯ ಮೇಲ್ಭಾಗ, ಮೇಲಂಗಿಯ ಮುಸುಕು, ಕೈಲಿರುವ ಚೀಲ. ಮುಖದ ಜಾಗದಲ್ಲಿ ಟೋಪಿಯಂಚಿನ ನೆರಳು.

ಅಳತೆ ಹೀಗಿದೆ. ಗುರುತಿಲ್ಲದ ವ್ಯಕ್ತಿಯ ಮುಖವನ್ನು ಖಚಿತಪಡಿಸಲು ಪ್ರತಿ ಮೀಟರಿಗೆ 250 ಪಿಕ್ಸೆಲ್, ಪರಿಚಿತರನ್ನು ಗುರುತಿಸಲು 125 ಪಿಕ್ಸೆಲ್ ಬೇಕೆಂದು ಯುರೋಪಿನ ಮಾನದಂಡ ಹೇಳುತ್ತದೆ. ಸಾಧಾರಣ ಕ್ಯಾಮೆರಾದ ಚಿತ್ರದ ಅಗಲ 1920 ಪಿಕ್ಸೆಲ್. ಅದು 12 ಮೀಟರ್ ಅಗಲದ ಅಂಗಡಿಯನ್ನು ಒಟ್ಟಿಗೆ ನೋಡಿದರೆ ಮೀಟರಿಗೆ 160 ಪಿಕ್ಸೆಲ್ ಮಾತ್ರ: ಅಪರಿಚಿತನ ಗುರುತಿಗೆ ಸಾಲದು. ಅದೇ ಕ್ಯಾಮೆರಾವನ್ನು ಬಾಗಿಲಿನ ಮೂರು ಮೀಟರ್ ಅಗಲಕ್ಕೆ ತಿರುಗಿಸಿದರೆ 640. ಆದ್ದರಿಂದ ಒಂದು ಕ್ಯಾಮೆರಾ ಬಾಗಿಲಿಗೇ ಮೀಸಲಿರಲಿ, ಎತ್ತರ ಒಂದೂಮುಕ್ಕಾಲರಿಂದ ಎರಡು ಮೀಟರ್, ಹೊರಹೋಗುವವನ ಮುಖ ಎದುರಾಗುವಂತೆ. ಒಳಬರುವಾಗ ಮುಸುಕು ಬಿಗಿಯಾಗಿರುತ್ತದೆ, ಓಡುವಾಗ ಜಾರುವುದುಂಟು. ಎರಡನೆಯದು ಕೌಂಟರಿಗೆ, ಮೂರನೆಯದು ದಾಸ್ತಾನು ಕೋಣೆಗೆ, ನಾಲ್ಕನೆಯದು ಹೊರಗೆ ವಾಹನ ನಿಲ್ಲುವ ಕಡೆಗೆ.

ದಾಖಲೆಗೆ ಜಾಗ ಲೆಕ್ಕಹಾಕಿ. ಸೆಕೆಂಡಿಗೆ ನಾಲ್ಕು ಮೆಗಾಬಿಟ್ ಬರೆಯುವ ಒಂದು ಕ್ಯಾಮೆರಾಕ್ಕೆ ದಿನಕ್ಕೆ 43 ಗಿಗಾಬೈಟ್ ಬೇಕು. ನಾಲ್ಕು ಕ್ಯಾಮೆರಾ, 30 ದಿನ: ಐದು ಟೆರಾಬೈಟಿಗಿಂತ ಸ್ವಲ್ಪ ಹೆಚ್ಚು. ನಾಲ್ಕು ಟೆರಾಬೈಟಿನ ಡಿಸ್ಕಿದ್ದರೆ 23ನೇ ದಿನಕ್ಕೆ ಹಳೆಯದು ಅಳಿಸಿಹೋಗುತ್ತದೆ. ಸುಲಿಗೆಗೆ ಮುಂಚೆ ಅಂಗಡಿ ನೋಡಿಹೋಗಲು ಬಂದವರ ಚಿತ್ರ ಬೇಕೆನ್ನಿಸುವುದು ಆಗಲೇ. ರೆಕಾರ್ಡರನ್ನು ಕೌಂಟರಿನ ಕೆಳಗೆ ಇಡಬೇಡಿ. ಅದನ್ನೂ ಕಿತ್ತುಕೊಂಡು ಹೋಗುತ್ತಾರೆ. ಬೀಗ ಹಾಕಿದ ಬೇರೆ ಕಡೆ ಇಟ್ಟು, ಬಾಗಿಲ ಕ್ಯಾಮೆರಾದ ದಾಖಲೆಯ ಒಂದು ನಕಲು ಅಂತರ್ಜಾಲದ ಮೂಲಕ ಹೊರಗೂ ಹೋಗುವಂತೆ ಮಾಡಿ.

ಗಡಿಯಾರ ಸರಿಯಿದೆಯೇ ಎಂದು ತಿಂಗಳಿಗೊಮ್ಮೆ ನೋಡಿ. ಏಳು ನಿಮಿಷ ಹಿಂದಿರುವ ರೆಕಾರ್ಡರಿನಿಂದ ರಸ್ತೆಯ ಬೇರೆ ಕ್ಯಾಮೆರಾಗಳ ಜೊತೆ ತಾಳೆ ನೋಡುವ ಕೆಲಸವೆಲ್ಲ ಕೆಡುತ್ತದೆ.

ಹಂತ 7: ತುರ್ತು ಗುಂಡಿ ಮತ್ತು ಮಂಜು ಯಂತ್ರ

ತುರ್ತು ಗುಂಡಿ ಕೌಂಟರಿನ ಕೆಳಗೆ ಒಂದು, ಹಿಂದಿನ ಕೋಣೆಯಲ್ಲಿ ಒಂದು, ಕೊರಳಿಗೋ ಸೊಂಟಕ್ಕೋ ಹಾಕುವಂಥದ್ದು ಒಂದು ಇರಲಿ. ಒತ್ತಿದಾಗ ಅಂಗಡಿಯಲ್ಲಿ ಸದ್ದಾಗಬಾರದು, ಸಂದೇಶ ನಿಗಾ ಕೇಂದ್ರಕ್ಕೆ, ಅಂದರೆ ಅಲಾರಂ ಗಮನಿಸುತ್ತಿರುವ ಕಚೇರಿಗೆ ಹೋಗಬೇಕು. ಆಕಸ್ಮಿಕವಾಗಿ ಮೊಣಕಾಲು ತಗುಲಿ ಒತ್ತಿಹೋಗದಂತೆ ಎರಡು ಬೆರಳಿನಿಂದ ಒಟ್ಟಿಗೆ ಒತ್ತುವ ಬಗೆಯದನ್ನು ಹಾಕಿಸಿ. ಪದೇ ಪದೇ ಸುಳ್ಳು ಕರೆ ಹೋದ ಅಂಗಡಿಯತ್ತ ನೆರವು ನಿಧಾನವಾಗಿ ಬರುತ್ತದೆ.

ಮಂಜು ಯಂತ್ರ ಗ್ಲೈಕಾಲ್ ಬೆರೆತ ದ್ರವವನ್ನು ಕಾಯಿಸಿ ಕೆಲವೇ ಸೆಕೆಂಡುಗಳಲ್ಲಿ ದಟ್ಟ ಮಂಜು ಊದುತ್ತದೆ. ಚಾಚಿದ ಕೈಯ ಬೆರಳೂ ಕಾಣುವುದಿಲ್ಲ. ಕಾಣದ್ದನ್ನು ಕದಿಯಲಾಗದು. ರಾತ್ರಿಯ ಕನ್ನಗಳವಿಗೆ ಇದಕ್ಕಿಂತ ಒಳ್ಳೆಯ ಉಪಾಯ ಕಡಿಮೆ. ಕೂರಿಸುವಾಗ ಗಮನಿಸಬೇಕಾದವು ಕೆಲವಿವೆ.

ಮೂತಿ ತಂಬಾಕು ಕಪಾಟಿನ ಕಡೆಗಿರಬೇಕು. ಮಂಜು ಆ ಕಡೆಯಿಂದ ಬಾಗಿಲಿನತ್ತ ಹರಡಬೇಕು, ಕಳ್ಳನನ್ನು ಹೊರಕ್ಕೆ ನೂಕುವ ಹಾಗೆ. ಬಾಗಿಲ ಕಡೆ ಮೊದಲು ಮಂಜು ತುಂಬಿದರೆ ಅವನು ಒಳಗೇ ಸಿಕ್ಕಿಬೀಳುತ್ತಾನೆ. ದಾರಿ ಕಾಣದೆ ಸಿಕ್ಕಿಬಿದ್ದವನು ಅಪಾಯಕಾರಿ. ಯಂತ್ರದ ಅಳತೆ ಕೋಣೆಯ ಘನ ಅಳತೆಗೆ ಹೊಂದಬೇಕು: ಉದ್ದ, ಅಗಲ, ಎತ್ತರ ಗುಣಿಸಿ ಮಾರಾಟಗಾರರಿಗೆ ಕೊಡಿ. ಸಣ್ಣದಾದರೆ ತೆಳು ಹೊಗೆ, ತೀರ ದೊಡ್ಡದಾದರೆ ಸಾಮಾನಿನ ಮೇಲೆ ಜಿಡ್ಡಿನ ಪದರ. ಹೊಗೆ ಪತ್ತೆಯಂತ್ರ ಇದ್ದರೆ ಅದೂ ಕೂಗುತ್ತದೆ, ಆದ್ದರಿಂದ ಅಗ್ನಿಶಾಮಕ ಠಾಣೆಗೆ ಮುಂಚೆಯೇ ಬರೆದು ತಿಳಿಸಿ. ಒಳಗಿನ ಕಾಯಿಸುವ ಭಾಗ ಸದಾ ಬಿಸಿಯಾಗಿರಬೇಕು, ಬ್ಯಾಟರಿ ಬೆಂಬಲ ಬೇಕು. ರಾತ್ರಿ ಮುಖ್ಯ ಸ್ವಿಚ್ ಆರಿಸಿ ಮನೆಗೆ ಹೋಗುವ ಅಭ್ಯಾಸವಿದ್ದರೆ ಅದಕ್ಕೆ ಬೇರೆ ಲೈನು ಎಳೆಸಿ. ಬೆಳಿಗ್ಗೆಯ ಹೊತ್ತಿಗೆ ತಣ್ಣಗಾದ ಯಂತ್ರ ಮಂಜು ಊದುವುದಿಲ್ಲ.

ಹಗಲಿನ ಸುಲಿಗೆಯಲ್ಲಿ ಕೆಲಸದವರೇ ಗುಂಡಿ ಒತ್ತಿ ಮಂಜು ಬಿಡಬಹುದೇ? ಕಳ್ಳ ಕೌಂಟರಿನ ಆಚೆ ಬದಿಯಲ್ಲಿದ್ದು, ಕೆಲಸದವರಿಗೆ ಒಳಕೋಣೆಗೆ ಸರಿಯಲು ಎರಡು ಹೆಜ್ಜೆಯ ದಾರಿಯಿದ್ದರೆ ಮಾತ್ರ. ಅವನು ಆಗಲೇ ಪಕ್ಕಕ್ಕೆ ಬಂದಿದ್ದರೆ, ಗಿರಾಕಿಗಳು ನಡುವೆ ಇದ್ದರೆ, ಒತ್ತಕೂಡದು. ಇದನ್ನು ಗುಂಡಿಯ ಪಕ್ಕದಲ್ಲೇ ಬರೆದು ಅಂಟಿಸಿ, ಗಾಬರಿಯಲ್ಲಿ ನೆನಪಾಗುವುದಿಲ್ಲ.

ಹಂತ 8: ಬೀಗ ಹಾಕಿದ ಮೇಲೆ

ಕನ್ನಗಳವಿನವರು ಮುಂಬಾಗಿಲಿಗಿಂತ ಹಿಂಬಾಗಿಲು, ಶೌಚಾಲಯದ ಕಿಟಕಿ, ಚಾವಣಿಯ ತಗಡು ನೋಡುತ್ತಾರೆ. ಬಾಗಿಲು, ಶಟರ್ ಕೊಳ್ಳುವಾಗ ಪ್ರತಿರೋಧ ದರ್ಜೆ ಕೇಳಿ. ಯುರೋಪಿನ ಮಾನದಂಡದಲ್ಲಿ ಎರಡನೇ ದರ್ಜೆ ಪರೀಕ್ಷೆಯಲ್ಲಿ ಮೂರು ನಿಮಿಷ, ಮೂರನೇ ದರ್ಜೆ ಐದು ನಿಮಿಷ, ನಾಲ್ಕನೇ ದರ್ಜೆ ಹತ್ತು ನಿಮಿಷ ತಡೆಯಬೇಕು. ಅಲಾರಂ ಕೂಗಿದ ಎಷ್ಟು ನಿಮಿಷಕ್ಕೆ ನಿಮ್ಮಲ್ಲಿಗೆ ಯಾರಾದರೂ ಬರುತ್ತಾರೆ ಎಂಬುದರ ಮೇಲೆ ದರ್ಜೆ ಆರಿಸಿ. ಹಾಗೆಯೇ ಅಲಾರಂ ಹೊರಗಿನ ಪದರದಲ್ಲಿ, ಅಂದರೆ ಶಟರ್ ಅಲುಗಿದಾಗಲೇ ಕೂಗಬೇಕು. ಕಪಾಟಿನ ಮುಂದೆ ಓಡಾಟ ಕಂಡಮೇಲೆ ಕೂಗುವ ಅಲಾರಂ ಗಟ್ಟಿ ಶಟರಿನ ಐದು ನಿಮಿಷವನ್ನು ವ್ಯರ್ಥ ಮಾಡುತ್ತದೆ.

ವಾಹನ ಗುದ್ದಿಸುವ ಭಯವಿದ್ದರೆ ಮುಂಭಾಗದಲ್ಲಿ ಕಂಬ ನೆಡಿಸಿ: ಕಾಂಕ್ರೀಟು ತುಂಬಿದ ಉಕ್ಕಿನ ಕೊಳವೆ, ನೆಲದ ಮೇಲೆ ಸುಮಾರು ಒಂದು ಮೀಟರ್, ಎರಡು ಕಂಬದ ನಡುವಿನ ಸಂದು 1.2 ಮೀಟರ್ ಮೀರಬಾರದು. ಗಾಲಿಕುರ್ಚಿ ಹೋಗುತ್ತದೆ, ಕಾರು ಹೋಗುವುದಿಲ್ಲ. ತಡೆಯುವುದು ನೆಲದೊಳಗಿನ ಅಡಿಪಾಯ. ಕಲ್ಲುಹಾಸಿಗೆ ಬೋಲ್ಟಿನಲ್ಲಿ ಕೂರಿಸಿದ ಅಲಂಕಾರದ ಕಂಬವೂ ದೊಡ್ಡ ಹೂಕುಂಡವೂ ಗುದ್ದಿದಾಗ ಜಾರಿ ಗಾಜಿನೊಳಕ್ಕೇ ಬರುತ್ತವೆ. ನೆಲದಡಿಯ ಕೊಳವೆ, ತಂತಿ ಎಲ್ಲಿವೆ ಎಂದು ತಿಳಿದುಕೊಂಡು, ಸ್ಥಳೀಯ ಆಡಳಿತದ ಒಪ್ಪಿಗೆ ಪಡೆದೇ ಅಗೆಯಿರಿ.

ಹಂತ 9: ಮಾಲು ಬರುವ ಹೊತ್ತು, ಒಳಗಿನ ಮಾತು

ಸಿಗರೇಟು ಬರುವ ದಿನ, ಹೊತ್ತು ಪ್ರತಿವಾರ ಒಂದೇ ಆಗಿರಬಾರದು. ಗಾಡಿಯಿಂದ ಇಳಿದ ಪೆಟ್ಟಿಗೆ ಒಂದು ನಿಮಿಷವೂ ಕೌಂಟರಿನ ಮುಂದೆ ನಿಲ್ಲದೆ ನೇರ ಕಪಾಟಿಗೆ ಹೋಗಲಿ, ಎಣಿಕೆ ಒಳಗೆ ನಡೆಯಲಿ. ಕಾರ್ಟನ್ನಿನ ಮೇಲಿನ ಸಂಕೇತಗಳ ಫೋಟೋ ತೆಗೆದಿಡಿ. ಯುರೋಪಿಯನ್ ಒಕ್ಕೂಟದಲ್ಲಿ 2019ರ ಮೇ 20ರಿಂದ ಸಿಗರೇಟು ಪ್ಯಾಕುಗಳಿಗೆ ಅನನ್ಯ ಗುರುತು ಕಡ್ಡಾಯ. ಕದ್ದ ಮಾಲು ಎಲ್ಲಾದರೂ ಸಿಕ್ಕರೆ ನಿಮ್ಮದೆಂದು ತೋರಿಸಲು ಆ ಫೋಟೋವೇ ಆಧಾರ. ಖಾಲಿ ಪೆಟ್ಟಿಗೆಗಳನ್ನು ಹೊರಗಿನ ಕಸದ ತೊಟ್ಟಿಗೆ ಹಾಗೇ ಹಾಕಬೇಡಿ, ಹೊಸ ಮಾಲು ಬಂದಿದೆಯೆಂದು ಸಾರಿದಂತಾಗುತ್ತದೆ. ಚಪ್ಪಟೆ ಮಾಡಿ, ಮುದ್ರೆ ಒಳಗೆ ಮಾಡಿ ಕಟ್ಟಿ.

ಕೆಲಸ ಬಿಟ್ಟವರಿಗೆ ಅಂಗಡಿಯ ಬೀಗದ ಸಂಖ್ಯೆ, ಕೀಲಿ, ಹೊತ್ತು ಎಲ್ಲ ಗೊತ್ತಿರುತ್ತದೆ. ಯಾರೇ ಬಿಟ್ಟರೂ ಅದೇ ದಿನ ಸಂಖ್ಯೆ ಬದಲಿಸಿ. ಇದರಲ್ಲಿ ಅನುಮಾನದ ಮಾತಿಲ್ಲ, ಎಲ್ಲರಿಗೂ ಒಂದೇ ನಿಯಮ ಎಂದು ಸೇರುವಾಗಲೇ ಹೇಳಿಬಿಡಿ. ಮತ್ತೊಂದು ಮಾತು: ಅಪರಿಚಿತರು ಅರ್ಧ ಬೆಲೆಗೆ ಸಿಗರೇಟು ತಂದರೆ ಕೊಳ್ಳಬೇಡಿ. ಅದು ಇನ್ನೊಬ್ಬ ಅಂಗಡಿಯವರಿಂದ ದೋಚಿದ್ದಾಗಿರಬಹುದು, ಕೊಳ್ಳುವವರಿರುವುದರಿಂದಲೇ ದೋಚುವುದು ನಡೆದಿದೆ.

ಹಂತ 10: ಎದುರಿಗೆ ನಿಂತಾಗ ಕೆಲಸದವರು ಮಾಡಬೇಕಾದ್ದು

ಪ್ರತಿಯೊಬ್ಬ ಹೊಸಬರಿಗೂ ಮೊದಲ ದಿನವೇ ಮಾಲೀಕರು ಬಾಯಿಬಿಟ್ಟು ಹೇಳಬೇಕು: ‘ಮಾಲು ಹೋದರೆ ಹೋಗಲಿ. ನಿಮ್ಮ ಸಂಬಳದಲ್ಲಿ ಒಂದು ಪೈಸೆ ಹಿಡಿಯುವುದಿಲ್ಲ.’ ಇದನ್ನು ಬರೆದು ಸಹಿ ಮಾಡಿ ಕೊಟ್ಟರೆ ಇನ್ನೂ ಒಳ್ಳೆಯದು. ನಷ್ಟ ತುಂಬಬೇಕಾದೀತೆಂಬ ಹೆದರಿಕೆಯಿಂದಲೇ ಕೆಲಸದವರು ಚೀಲ ಹಿಡಿದೆಳೆಯಲು ಹೋಗುವುದು.

ಎರಡೂ ಕೈ ಕಾಣುವಂತೆ ಎದೆಯೆತ್ತರದಲ್ಲಿಡಿ. ಪ್ರತಿ ಚಲನೆಗೂ ಮುಂಚೆ ಹೇಳಿ: ‘ಕಪಾಟು ತೆರೆಯುತ್ತೇನೆ, ಬಲಗೈ ಕೆಳಗೆ ಹೋಗುತ್ತದೆ.’ ಕೇಳಿದ್ದನ್ನು ಕೊಡಿ, ಕೇಳದ್ದನ್ನು ತೋರಿಸಬೇಡಿ. ಒಳಗೆ ಇನ್ನೊಬ್ಬರಿದ್ದರೆ ಅದನ್ನೂ ಹೇಳಿಬಿಡಿ, ಅವರು ದಿಢೀರನೆ ಹೊರಬಂದರೆ ಗಾಬರಿಯಾಗುತ್ತದೆ. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಬೂಟು, ಕೈಗವಸು, ಎಡಗೈಯೋ ಬಲಗೈಯೋ, ಮಾತಿನ ಧಾಟಿ ಗಮನಿಸಿ. ಬಟ್ಟೆ ಬದಲಿಸುತ್ತಾರೆ, ಬೂಟು ಬದಲಿಸುವುದು ಕಡಿಮೆ. ಗುಂಡಿ ಒತ್ತುವುದು ಅವನಿಗೆ ಕಾಣದಂತೆ ಸಾಧ್ಯವಿದ್ದರೆ ಮಾತ್ರ, ಇಲ್ಲವಾದರೆ ಅವನು ಹೋದ ಮೇಲೆ. ಬೆನ್ನಟ್ಟಕೂಡದು. ಬಾಗಿಲವರೆಗೂ ಹೋಗಬೇಕಾದ್ದು ಬೀಗ ಹಾಕುವುದಕ್ಕೆ ಮಾತ್ರ.

ರಾತ್ರಿ ಪಾಳಿಯಲ್ಲಿ ಒಬ್ಬರನ್ನೇ ಬಿಡುವುದು ಅತಿ ದೊಡ್ಡ ದೌರ್ಬಲ್ಯ. ಫ್ಲೋರಿಡಾದ ಗೇನ್ಸ್‌ವಿಲ್ ನಗರ 1980ರ ದಶಕದಲ್ಲೇ ರಾತ್ರಿ ಇಬ್ಬರು ಕಡ್ಡಾಯ ಎಂಬ ನಿಯಮ ತಂದಿತು. ಸುಲಿಗೆಯಾದ ಅಂಗಡಿಗಳಿಗೆ ರಾಜ್ಯದ ಕಾನೂನು ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ನಾಲ್ಕು ಆಯ್ಕೆ ಕೊಡುತ್ತದೆ: ಇಬ್ಬರು ಕೆಲಸಗಾರರು, ಪಾರದರ್ಶಕ ಸುರಕ್ಷಾ ಆವರಣ, ಕಾವಲುಗಾರ, ಇಲ್ಲವೇ ಬಾಗಿಲು ಮುಚ್ಚಿ ಕಿಟಕಿಯ ಮೂಲಕ ಮಾರಾಟ. ಇಬ್ಬರ ಸಂಬಳ ಭಾರವಾದರೆ ಕೊನೆಯದನ್ನು ಆರಿಸಿ. ತಂಬಾಕಿನಂಥ ಸಣ್ಣ ಪ್ಯಾಕಿನ ಸರಕಿಗೆ ಕಿಟಕಿಯೇ ಸಾಕು.

ಹಂತ 11: ಆದ ಮೇಲೆ

ಬಾಗಿಲಿಗೆ ಬೀಗ. ಗಾಯವಾದವರಿಗೆ ಮೊದಲು ನೆರವು, ಆಮೇಲೆ ಪೊಲೀಸರಿಗೆ ಕರೆ, ಆಮೇಲೆ ಮಾಲೀಕರಿಗೆ. ಕೌಂಟರು, ಬಾಗಿಲ ಹಿಡಿ, ಬಿದ್ದ ಪ್ಯಾಕುಗಳನ್ನು ಮುಟ್ಟಬೇಡಿ. ಅಲ್ಲಿದ್ದವರು ಪರಸ್ಪರ ಚರ್ಚಿಸುವ ಮುಂಚೆಯೇ ಕಂಡದ್ದನ್ನು ಬೇರೆ ಬೇರೆ ಕಾಗದದಲ್ಲಿ ಬರೆಯಲಿ. ಮಾತಾಡಿಕೊಂಡರೆ ಒಬ್ಬರ ನೆನಪು ಇನ್ನೊಬ್ಬರದರ ಜೊತೆ ಬೆರೆತುಹೋಗುತ್ತದೆ. ಕ್ಯಾಮೆರಾ ದಾಖಲೆಯ ಪ್ರತಿಯನ್ನು ಅದೇ ದಿನ ತೆಗೆಸಿ. ಸುಲಿಗೆ ನಡೆದ ಐದು ನಿಮಿಷ ಮಾತ್ರ ಸಾಲದು, ಹಿಂದಿನ ಎರಡು ವಾರದ್ದೂ ಉಳಿಸಿಕೊಳ್ಳಿ.

ಎದುರಿಸಿದವರನ್ನು ಅದೇ ಪಾಳಿ ಮುಗಿಸಲು ಹೇಳಬೇಡಿ. ಮನೆಗೆ ಒಬ್ಬರೇ ಕಳಿಸಬೇಡಿ. ನಿದ್ದೆ ಬಾರದಿರುವುದು, ಬಾಗಿಲ ಗಂಟೆಗೆ ಬೆಚ್ಚುವುದು ವಾರಗಟ್ಟಲೆ ಉಳಿಯಬಹುದು. ಆಪ್ತಸಲಹೆ ಕೊಡಿಸಿ, ಮರಳಿ ಬಂದಾಗ ಹಗಲು ಪಾಳಿ ಕೊಡಿ.

ಒಮ್ಮೆ ದೋಚಿದ ಅಂಗಡಿಗೆ ಎರಡನೇ ಬಾರಿ ಬರುವ ಅಪಾಯ ಮುಂದಿನ ಕೆಲವು ವಾರಗಳಲ್ಲೇ ಹೆಚ್ಚು. ದಾರಿ ಗೊತ್ತಾಗಿರುತ್ತದೆ, ಕಪಾಟು ಮತ್ತೆ ತುಂಬುತ್ತದೆಂದೂ ಗೊತ್ತಿರುತ್ತದೆ. ಆದ್ದರಿಂದ ಒಡೆದ ಗಾಜು ಹಾಕಿಸಿ ಮೊದಲಿನಂತೆ 400 ಪ್ಯಾಕು ಜೋಡಿಸಬೇಡಿ. ಮೊದಲ ತಿಂಗಳು 30 ಪ್ಯಾಕಿನಲ್ಲೇ ನಡೆಸಿ, ಬಾಗಿಲಲ್ಲಿ ಸಮಯ ಬೀಗದ ಫಲಕ ಹಾಕಿ, ಸಂಜೆಯ ಮೇಲೆ ಇಬ್ಬರನ್ನು ನಿಲ್ಲಿಸಿ.

ತಿಂಗಳ ಪರೀಕ್ಷೆ

ತಿಂಗಳ ಮೊದಲ ಸೋಮವಾರ ಅರ್ಧ ಗಂಟೆ ತೆಗೆದಿಡಿ. ನಿಗಾ ಕೇಂದ್ರಕ್ಕೆ ಮುಂಚೆ ಹೇಳಿ ಮೂರೂ ತುರ್ತು ಗುಂಡಿ ಒತ್ತಿ, ಕರೆ ಬಂತೇ ನೋಡಿ. ಕೊರಳ ಗುಂಡಿಯ ಬ್ಯಾಟರಿ ಸೆಲ್ ಬದಲಿಸಿದ ದಿನಾಂಕ ಬರೆಯಿರಿ. ಮಂಜು ಯಂತ್ರದ ದೀಪ ಹಸಿರಿದೆಯೇ, ದ್ರವದ ಡಬ್ಬಿಯ ಅವಧಿ ಮುಗಿದಿದೆಯೇ ನೋಡಿ. ಬಾಗಿಲ ಕ್ಯಾಮೆರಾದಿಂದ ನಿನ್ನೆ ರಾತ್ರಿಯ ಒಬ್ಬ ಗಿರಾಕಿಯ ಚಿತ್ರ ತೆಗೆದು, ಮುಖ ತಿಳಿಯುತ್ತದೆಯೇ ಎಂದು ಪರೀಕ್ಷಿಸಿ. ಜೇಡರಬಲೆ ಕಟ್ಟಿದ್ದರೆ ಒರೆಸಿ. ಕೊನೆಗೆ, ಮುಂಚೆ ಹೇಳದೆ ಕೌಂಟರಿನ ಕೆಳಗೆ ಬಗ್ಗಿ ಅಲ್ಲಿರುವ ಪ್ಯಾಕುಗಳನ್ನು ಎಣಿಸಿ, ಪಟ್ಟಿಯಲ್ಲಿರುವ ಸಂಖ್ಯೆಯ ಜೊತೆ ಹೋಲಿಸಿ ನೋಡಿ.